ಏನೂ ಇಲ್ಲದ ಮನೆ

"ಆ ದಿನ ಆ ಮನೇಲಿ ನೀವು ಏನು ತಿಂದ್ರಿ?" ಎಂದು ವಕೀಲ ಪೈಕ್ ಕೇಳಿದಾಗ, ಅವನ ಹಿಂದೆ ಕುಳಿತಿದ್ದ ಸಿಯೆನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಮನೆಗೆ ಬಂದವರು ಉಂಡದ್ದನ್ನು ಎಲ್ಲಾದರೂ ಕೇಳುತ್ತಾರೆಯೇ? ಅದೂ ನ್ಯಾಯಾಧೀಶರ ಎದುರಿಗೆ? ಅವಳು ಅವನ ಕೋಟಿನ ಅಂಚು ಹಿಡಿದು ಎಳೆದಳು. ಪೈಕ್ ಮೆಲ್ಲನೆ ಬಿಡಿಸಿಕೊಂಡ.

ಸಾಕ್ಷಿ ಹೇಳುತ್ತಿದ್ದವಳು ಮಕ್ಕಳ ಇಲಾಖೆಯ ಕರ್ಸ್ಟನ್, ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ. ಸಿಯೆನಿಯ ಮಗ ಇಯೋಸೆಫೋ ಮೂರು ದಿನ ಊಟದ ಡಬ್ಬಿ ಇಲ್ಲದೆ ಬಂದ ಎಂದು ಶಾಲೆಯವರು ತಿಳಿಸಿದ್ದರಿಂದ ಅವಳು ಓತಾರಾ ಬಡಾವಣೆಯ ಆ ಮನೆಗೆ ಹೋಗಿದ್ದಳು. ಹುಡುಗ ಡಬ್ಬಿ ಕಳೆದುಕೊಂಡು ಬಾಯಿ ಮುಚ್ಚಿಕೊಂಡಿದ್ದ, ಅಷ್ಟೇ. ಆದರೆ ಕರ್ಸ್ಟನ್ ವರದಿಯಲ್ಲಿ ಎರಡು ಸಾಲು ಬರೆದಳು: "ಮನೆಯಲ್ಲಿ ತಿನ್ನಲು ಏನೂ ಇಲ್ಲವೆಂದು ತಾಯಿಯೇ ಹೇಳಿದ್ದಾಳೆ. ಫ್ರಿಜ್ ಖಾಲಿ." ಎರಡೂ ನಿಜವೇ, ಕಷ್ಟ ಬಂದದ್ದೇ ಅದರಿಂದ. ಇಯೋಸೆಫೋ ಮತ್ತು ಅವನ ನಾಲ್ಕು ವರ್ಷದ ತಂಗಿ ಮಸಿನಾ ಎರಡು ತಿಂಗಳಿಂದ ಇಲಾಖೆ ಗೊತ್ತುಮಾಡಿದ ಯಾರದೋ ಮನೆಯಲ್ಲಿದ್ದರು.

ಪರದೇಶಕ್ಕೆ ಬಂದರೇನು, ನಮ್ಮ ಸಮೋವಾ ದ್ವೀಪದ ಯಾವ ಹೆಂಗಸು ತಾನೇ "ನಮ್ಮನೇಲಿ ಬೇಕಾದಷ್ಟಿದೆ, ಉಣ್ಣಿ" ಎಂದಾಳು? ಹಾಗೆಂದರೆ ಜಂಬದವಳು ಅನ್ನಿಸಿಕೊಳ್ಳಬೇಕಾಗುತ್ತದೆ. "ಏನೂ ಇಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಮೊದಲು ಕ್ಷಮೆ ಕೇಳಿ, ಆಮೇಲೆ ಎರಡು ಕೈಯಲ್ಲಿ ಹಿಡಿಯಬೇಕಾದಂಥ ತಟ್ಟೆ ತಂದಿಡುವುದು ರೂಢಿ. ಮೊದಲ ವಿಚಾರಣೆಗೆ ಸಿಯೆನಿ ಒಬ್ಬಳೇ ಬಂದಿದ್ದಳು. ಲಾಂಡ್ರಿಯಲ್ಲಿ ಬೇರೆಯವರ ಬಟ್ಟೆ ಒಗೆಯುವ ತನಗೆ ವಕೀಲ ಎಲ್ಲಿಂದ ಬರಬೇಕು ಎಂದುಕೊಂಡಿದ್ದಳು. ಏನೂ ಇಲ್ಲ ಎಂದು ಹೇಳಿದ್ದು ಹೌದೇ ಎಂದು ಕೇಳಿದರು. ಹೌದು ಎಂದು ತಲೆ ತಗ್ಗಿಸಿದಳು. ಮುಗಿಯಿತು.

ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂದು ಕೋರ್ಟಿನ ಗುಮಾಸ್ತೆ ಹೇಳಿದ ಮೇಲೆ ಸಿಕ್ಕವನು ಈ ಪೈಕ್. ಕಡ್ಡಿಯಂಥ ಆಳು, ನಲವತ್ತು ಜನರ ಕಡತಗಳನ್ನು ಚಕ್ರದ ಪೆಟ್ಟಿಗೆಯಲ್ಲಿ ಎಳೆದುಕೊಂಡು ಓಡಾಡುತ್ತಿದ್ದ. ಹಾಗೇಕೆ ಹೇಳಿದಿರಿ ಎಂದು ಮೂರು ಸಲ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದ. ಇನ್ನೇನು ಹೇಳಬೇಕಿತ್ತು ಎಂದು ಮೂರು ಸಲವೂ ಅವಳೇ ತಿರುಗಿ ಕೇಳಿದಳು. ಕೊನೆಗೆ ಒಂದು ಶನಿವಾರ ಅವನೇ ಮನೆಗೆ ಹೋದ. ಏನೂ ಇಲ್ಲ ಸಾರ್, ಎಂದಳು. ಒಂದೂವರೆ ಗಂಟೆಯ ನಂತರ ಬೆಲ್ಟನ್ನು ಎರಡು ತೂತು ಸಡಿಲಿಸಿಕೊಂಡು ಹೊರಬಂದ ಪೈಕನಿಗೆ ಮೊಕದ್ದಮೆ ಪೂರ್ತಿ ಅರ್ಥವಾಗಿತ್ತು.

"ಕೋಳಿ ಇತ್ತು," ಎಂದಳು ಕರ್ಸ್ಟನ್. ಪಾಪ, ಸುಳ್ಳು ಹೇಳುವ ಹುಡುಗಿಯಲ್ಲ. "ಕೆಸುವಿನ ಗೆಡ್ಡೆ, ತೆಂಗಿನಹಾಲಲ್ಲಿ ಬೇಯಿಸಿದ ಸೊಪ್ಪು. ಆಮೇಲೆ ಕರಿದ ಸಿಹಿ ಉಂಡೆ."

"ಪೂರ್ತಿ ತಿಂದ್ರಾ?"

"ಆಗ್ಲಿಲ್ಲ. ಮಿಕ್ಕಿದ್ದು ಕಟ್ಟಿಕೊಟ್ರು. ಎರಡು ದಿನಕ್ಕಾಯ್ತು."

"ಫ್ರಿಜ್ ತೆಗೆದು ನೋಡಿದ್ದು ಊಟಕ್ಕೆ ಮುಂಚೆಯೋ, ಆಮೇಲೋ?"

"ಆಮೇಲೆ."

"ಅದರಲ್ಲಿದ್ದದ್ದೆಲ್ಲ ಎಲ್ಲಿಗೆ ಹೋಗಿತ್ತು?"

ಕರ್ಸ್ಟನ್ ಕಿವಿಯವರೆಗೆ ಕೆಂಪಾದಳು. "ನನ್ನ ತಟ್ಟೆಗೆ," ಎಂದಳು.

ಸಿಯೆನಿ ಮುಂದಕ್ಕೆ ಬಾಗಿದಳು. ತನ್ನ ಕೈಯಡುಗೆ ಉಂಡ ಹುಡುಗಿಯನ್ನು ಹೀಗೆ ಎಲ್ಲರೆದುರು ನಿಲ್ಲಿಸಿ ಕೇಳುವುದೇ? ಸಾಕು ಬಿಡಿ ಎಂದು ಪೈಕನ ಕಿವಿಯಲ್ಲಿ ಉಸುರಿದಳು.

"ನಿಮಗೆ ಮಕ್ಕಳು ಬೇಕೋ ಬೇಡ್ವೋ?" ಎಂದು ಅವನೂ ಪಿಸುಗುಟ್ಟಿದ.

ಸಿಯೆನಿ ಹಿಂದಕ್ಕೆ ಸರಿದು ಕುಳಿತಳು. ಮಸಿನಾಳ ದಿಂಬಿನ ಮೇಲೆ ಪುಟ್ಟ ತಲೆಯ ಗುಳಿ ಇನ್ನೂ ಹಾಗೇ ಇತ್ತು. ಅದು ಹೋಗಿಬಿಡುತ್ತದೆಂದು ಎರಡು ತಿಂಗಳಿಂದ ಆ ಹಾಸಿಗೆ ಕೊಡವಿರಲಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಮುದುಕರು, ಅವಸರವಿಲ್ಲದವರು. ಮಕ್ಕಳನ್ನು ಮನೆಗೆ ಕಳಿಸುವ ಮನಸ್ಸು ಅವರಿಗೆ ಬಂದಾಗಿತ್ತು ಎಂಬುದು ಕೇಳಿದ ರೀತಿಯಲ್ಲೇ ತಿಳಿಯುತ್ತಿತ್ತು. "ಮಕ್ಕಳನ್ನ ಇವತ್ತು ಸಂಜೆಗೇ ಕಳಿಸಿದ್ರೆ, ಮನೇಲಿ ಊಟಕ್ಕೆ ಏನಿದೆ ತಾಯಿ?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಪೈಕ್ ಮೊದಲೇ ಹೇಳಿದ್ದ. 'ಬೇಕಾದಷ್ಟಿದೆ', ಒಂದೇ ಮಾತು, ಬಾಯಿಪಾಠ ಮಾಡಿಸಿದ್ದ. ಬಸ್ಸಿನಲ್ಲಿ ಬರುವಾಗ ಸಿಯೆನಿ ದಾರಿಯುದ್ದಕ್ಕೂ ಅದನ್ನೇ ಗುನುಗಿದ್ದಳು. ಮನೆಯಲ್ಲಿ ಅರ್ಧ ಮೂಟೆ ಗೆಡ್ಡೆಯಿತ್ತು, ಎರಡು ಕೋಳಿಗಳು ಮಸಾಲೆ ಹಚ್ಚಿಸಿಕೊಂಡು ಕಾಯುತ್ತಿದ್ದವು. ಎದ್ದು ನಿಂತಳು. ಅಷ್ಟು ದೊಡ್ಡ ಮನುಷ್ಯರು, ತನ್ನ ಅಡುಗೆಮನೆಯ ಬಗ್ಗೆ ಕೇಳುತ್ತಿದ್ದಾರೆ.

"ಏನೂ ಇಲ್ಲ ಸ್ವಾಮಿ," ಎಂದಳು ತಲೆ ತಗ್ಗಿಸಿ. "ಕ್ಷಮಿಸಬೇಕು."

ಪೈಕ್ ಕಡತದಿಂದ ಮುಖ ಮುಚ್ಚಿಕೊಂಡ. ನ್ಯಾಯಾಧೀಶರು ಕನ್ನಡಕ ಏರಿಸಿ ಕರ್ಸ್ಟನ್ ಕಡೆ ತಿರುಗಿದರು. "ಈ ಸಲ ಏನಂತ ಬರ್ಕೋತೀಯಮ್ಮ?"

"ಬೇಕಾದಷ್ಟಿದೆ ಅಂತ, ಸ್ವಾಮಿ," ಎಂದಳು ಕರ್ಸ್ಟನ್, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಸಂಜೆ ಮಕ್ಕಳನ್ನ ನಾನೇ ಕರ್ಕೊಂಡು ಹೋಗಿ ಬಿಡ್ತೀನಿ. ಮಧ್ಯಾಹ್ನ ಊಟ ಮಾಡಲ್ಲ."