ಕಾಮಾಲೆಯ ಬರೆ

ಅಕ್ಕಯಮ್ಮ ರಾಮಾಂಜಿನಪ್ಪನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. ಆಮೇಲೆ ಉಗುರು ನೋಡಿದಳು. ಜಗಲಿಯ ಕೆಳಗೆ ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಸರದಿ ಕಾಯುತ್ತಿದ್ದ ಹೆಂಗಸರೂ ಕತ್ತು ಚಾಚಿ ನೋಡಿದರು. ಗುರುವಾರ ಬೆಳಿಗ್ಗೆ ಕಾಮಾಲೆಗೆ ಬರೆ ಹಾಕಿಸಿಕೊಳ್ಳಲು ದೊಡ್ಡಬೆಳವಂಗಲದ ಸುತ್ತಿನವರೆಲ್ಲ ಬರುತ್ತಿದ್ದುದು ಇವಳ ಜಗಲಿಗೇ.

"ಕಣ್ಣು ಬೆಳ್ಳಗೇ ಅದೆ ಕಣೇ ವರಲಕ್ಷ್ಮಿ. ಎಲ್ಲೇ ಕಾಮಾಲೆ?"

"ಆಸ್ಪತ್ರೇಲಿ ಇಳೀತು," ಎಂದಳು ರಾಮಾಂಜಿನಪ್ಪನ ಹೆಂಡತಿ ವರಲಕ್ಷ್ಮಮ್ಮ.

"ಮೇಲೆ ಇಳಿದಿರ್ತದೆ, ಬೇರು ಒಳಗೇ ಇರ್ತದೆ," ಎಂದು ಬಾಯಿ ಹಾಕಿದಳು ಪಕ್ಕದ ಮನೆಯ ದ್ಯಾವಮ್ಮ. ಬಲವಂತ ಮಾಡಿ ಅವರನ್ನು ಕರೆತಂದವಳೇ ಅವಳು. "ಎರಡು ತಿಂಗಳು ಬೆಂಗಳೂರಲ್ಲಿ ಮಲಗಿ ಬಂದ್ರೂ ಮಾತೇ ಇಲ್ಲ ನೋಡಿ. ಮೊದ್ಲು ಒಂದು ಕಾರ್ಡು ಕೊಡೋಕೆ ಬಂದ್ರೆ, ಓದಿ ಹೇಳಿ, ಮೂರೂರ ಸುದ್ದಿ ಹೇಳಿ, ಕಾಫಿ ಕುಡಿದೇ ಎದ್ದು ಹೋಗ್ತಿದ್ದ ಪೋಸ್ಟ್‌ಮ್ಯಾನು!"

ಕಾಮಾಲೆ ಎಂದು ಮೊದಲು ಹೇಳಿದವಳು ವರಲಕ್ಷ್ಮಮ್ಮನೇ. ಬಾವಿಕಟ್ಟೆಯಲ್ಲಿ ಯಾರೋ ಕೇಳಿದ್ದರು, ನಾಲಿಗೆಗೆ ಸಿಕ್ಕ ಕಾಯಿಲೆಯ ಹೆಸರು ಹೇಳಿಬಿಟ್ಟಿದ್ದಳು. ಗಂಡ ಟಪಾಲಿನ ಚೀಲ ತಬ್ಬಿಕೊಂಡು ಕೆರೆಯ ಏರಿಯ ಮೇಲೆ ದಿನವಿಡೀ ಕೂತಿದ್ದನೆಂದು, ಬದುಕುವುದು ಸಾಕೆಂದು ಗೋಡೆಗೆ ಮುಖ ಮಾಡಿ ಅತ್ತನೆಂದು ಯಾವ ಬಾಯಲ್ಲಿ ಹೇಳುವುದು? ಒಂದು ದಿನವೂ ಮಾತ್ರೆ ತಪ್ಪಿಸಬೇಡಿ, ಜೊತೆಯವರಿಗೆ ವಿಷಯ ತಿಳಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬರುವಾಗ ಬಸ್ಸಿನಲ್ಲಿ ಅವನು ಆಡಿದ್ದು ಒಂದೇ ಮಾತು: "ಊರಲ್ಲಿ ಯಾರಿಗೂ ಹೇಳ್ಬೇಡ."

ಅಕ್ಕಯಮ್ಮ ಕೆಂಡದ ಬಾಣಲಿಯಲ್ಲಿ ಅರಿಸಿನದ ಕೊಂಬು ಇಟ್ಟಳು. "ಮೂರು ಬರೆ. ಇಪ್ಪತ್ತೊಂದು ದಿನ ಉಪ್ಪಿಲ್ಲ, ಎಣ್ಣೆ ಇಲ್ಲ. ಇಂಗ್ಲಿಷ್ ಮಾತ್ರೆ ಮುಟ್ಟಂಗೇ ಇಲ್ಲ. ಮುಟ್ಟಿದ್ರೆ ನನ್ನ ಬರೆ ಹಿಡಿಯಾಕಿಲ್ಲ, ಹೇಳಿದೀನಿ."

ವರಲಕ್ಷ್ಮಮ್ಮನ ಕೈ ಸೆರಗಿನ ಗಂಟಿಗೆ ಹೋಯಿತು. ಎಂಟು ಗಂಟೆಗೆ ಕೊಡಬೇಕಾದ ಮಾತ್ರೆ ಅದರಲ್ಲಿತ್ತು. ಗಂಡನ ಮುಖ ನೋಡಿದಳು. ಅವನೂ ನೋಡಿದ. ಕಾಪಾಡು ಎನ್ನುವ ನೋಟವಲ್ಲ ಅದು. ಸುಮ್ಮನಿರು ಎನ್ನುವ ನೋಟ. ತಾನೇ ಅಂಗಿಯ ತೋಳು ಮಡಿಸಿ ಕೈ ಚಾಚಿದ.

ಚರ್ಮ ಚುರ್ರೆಂದಿತು. ಅರಿಸಿನ ಸುಟ್ಟ ವಾಸನೆಯ ಹಿಂದೆಯೇ ಇನ್ನೊಂದು ವಾಸನೆ ಬಂತು. ರಾಮಾಂಜಿನಪ್ಪ ಹಲ್ಲು ಕಚ್ಚಿಕೊಂಡು ಎದುರಿನ ಹುಣಸೆಮರ ನೋಡುತ್ತಿದ್ದ.

"ಭಲೇ! ಗಂಡಸು ಅಂದ್ರೆ ಹಿಂಗಿರ್ಬೇಕು," ಎಂದಳು ದ್ಯಾವಮ್ಮ.

ಅಕ್ಕಯಮ್ಮ ಎರಡನೆಯ ಬರೆಗೆ ಕೊಂಬು ಎತ್ತಿದಾಗ ವರಲಕ್ಷ್ಮಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಬೇಡಮ್ಮ. ಕಾಮಾಲೆ ಅಲ್ಲ. ಸುಳ್ಳು ಹೇಳ್ದೆ. ಇವ್ರಿಗೆ ಮನಸ್ಸಿನ ಕಾಯಿಲೆ. ಜನ ಹುಚ್ಚಾಸ್ಪತ್ರೆ ಅಂತಾರಲ್ಲ, ಅಲ್ಲಿದ್ರು. ಮಾತ್ರೆ ನಿಲ್ಲಿಸಿದ್ರೆ ಇವ್ರು ನಂಗೆ ಉಳಿಯಲ್ಲ."

ಕೆಳಗೆ ನಿಂತಿದ್ದವಳೊಬ್ಬಳು ಮಗುವಿನ ಮುಖವನ್ನು ಹೆಗಲಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ದ್ಯಾವಮ್ಮ ಬಾಯಿಗೆ ಸೆರಗು ಹಿಡಿದಳು.

"ನನ್ನ ಕೈಲಿ ಇಂಥಾ ಪಾಪ ಮಾಡಿಸಿದ್ಯಲ್ಲೇ," ಎಂದು ಅಕ್ಕಯಮ್ಮ ಕೊಂಬನ್ನು ಕೆಂಡಕ್ಕೆ ಎಸೆದು, ಬೊಬ್ಬೆಯೇಳುತ್ತಿದ್ದ ಜಾಗಕ್ಕೆ ಬೆಣ್ಣೆ ಸವರಿದಳು.

ರಾಮಾಂಜಿನಪ್ಪ ತೋಳು ಇಳಿಸಿ ಗುಂಡಿ ಹಾಕಿಕೊಂಡ. ಹೆಂಡತಿಗೆ ಮಾತ್ರ ಕೇಳುವಂತೆ, ಅವಳ ಮುಖ ನೋಡದೆ ಹೇಳಿದ:

"ಇನ್ನೆರಡು ತಾನೇ ಇದ್ದಿದ್ದು? ತಡ್ಕೊತಿದ್ದೆ ಕಣೇ."