ಗಾಡಿ ಮೇಲಿನ ದೂರು

“ಇದೇನು ಗಾಡಿನೋ, ಮಲಗಿರೋ ಎಮ್ಮೆನೋ?” ಜೇನು ಸಾಕುವ ಯಜಮಾನರು ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದರು. “ನಾಲ್ಕೂ ಚಕ್ರಕ್ಕೆ ಬಲ ಇದೆ, ಗೋಡೆ ಬೇಕಾದ್ರೂ ಹತ್ತುತ್ತೆ ಅಂದ್ರಿ. ಗುಡ್ಡದ ಮಾತು ಹಾಗಿರ್ಲಿ, ಇದು ನನ್ನ ಗೇಟೇ ದಾಟ್ತಿಲ್ಲ!”

ಶೋರೂಮಿನ ಮೆಕ್ಯಾನಿಕ್ ಸ್ಪ್ಯಾನರುಗಳ ಚೀಲ ಕೆಳಗಿಟ್ಟ. ಈ ತಿಂಗಳು ಇದು ಮೂರನೇ ದೂರು. ಗಾಡಿ ಎಂದರೆ ಎಟಿವಿ. ಬೈಕಿನ ಹ್ಯಾಂಡಲ್, ಟ್ರ್ಯಾಕ್ಟರಿನ ತಮ್ಮನಿಗೆ ಇರಬಹುದಾದಂಥ ನಾಲ್ಕು ದಪ್ಪ ಚಕ್ರ, ಕಲ್ಲಿರಲಿ ಕೆಸರಿರಲಿ ಹತ್ತಿಕೊಂಡು ಹೋಗುವ ಜಾತಿ. ಕೊಂಡು ಇನ್ನೂ ವರ್ಷವಾಗಿಲ್ಲ. ಇದೇ ಮಾಡೆಲ್ ಕೊಂಡ ಉಳಿದವರು, ಮರದ ಡಿಪೋದವನಿಂದ ಹಿಡಿದು ಕುರಿ ಸಾಕುವ ಅಕ್ಕನವರೆಗೆ, ಆಯಿಲ್ ಬದಲಾಯಿಸುವುದು ಬಿಟ್ಟರೆ ಶೋರೂಮಿನ ಕಡೆ ತಲೆಹಾಕುತ್ತಿರಲಿಲ್ಲ. ಯಜಮಾನರೊಬ್ಬರದೇ ಈ ಗೋಳು. ಅವರೋ ಊರಿಗೆಲ್ಲ ಬೇಕಾದವರು. ಜೇನುತುಪ್ಪ ಕೊಳ್ಳಲು ಬಂದವರಿಗೆಲ್ಲ ತುಪ್ಪದ ಜೊತೆಗೆ ಗಾಡಿಯ ಪುರಾಣವನ್ನೂ ಕಟ್ಟಿಕೊಡುತ್ತಿದ್ದರು. “ಇನ್ನೊಂದು ಸಲ ಕೆಟ್ಟಿತು ಅಂದ್ರೆ ನಿನ್ನ ಕೆಲಸಕ್ಕೇ ಕುತ್ತು” ಎಂದು ಶೋರೂಮಿನ ಮಾಲೀಕ ಬೆಳಿಗ್ಗೆ ಮೆಕ್ಯಾನಿಕ್‌ಗೆ ಹೇಳಿ ಕಳಿಸಿದ್ದ.

ಯಜಮಾನರು ಗೊಣಗುತ್ತ ಹಿತ್ತಲಿಗೆ ಹೋದರು. ಮೆಕ್ಯಾನಿಕ್ ಸೀಟು ಎತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ದೊಡ್ಡ ಫ್ಯೂಸ್ ಇರಬೇಕಾದ ಜಾಗ ಖಾಲಿ. ಹೋದ ಸಲ ಪ್ಲಗ್ಗಿನ ತೊಪ್ಪಿ ಕಳಚಿತ್ತು, ಅದಕ್ಕೂ ಹಿಂದಿನ ಸಲ ಬ್ಯಾಟರಿಯ ತಂತಿ. ಗುಡ್ಡದ ಕುಲುಕಾಟಕ್ಕೆ ಹಾಗಾಗಿರಬೇಕೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ತಂತಿ ಸಡಿಲವಾಗಬಹುದು, ಒಪ್ಪೋಣ. ಫ್ಯೂಸಿಗೆ ಕಾಲು ಬಂದು ಎದ್ದು ಹೋಗುವುದುಂಟೆ? ಮುಚ್ಚಳವನ್ನು ತಿರುಗಿಸಿ ನೋಡಿದ. ಅದರ ಮೇಲೆ ಹಿಟ್ಟಿನ ಬೆರಳಚ್ಚು ಮೂಡಿತ್ತು.

ಅಷ್ಟರಲ್ಲಿ ಯಜಮಾನರ ಹೆಂಡತಿ ಚಹಾ ತಂದರು. ಅವರ ಮಣಿಕಟ್ಟಿಗೆ ಕಲಸಿದ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು.

“ಅಮ್ಮಾ, ಫ್ಯೂಸ್ ಎಲ್ಲಿ?” ಎಂದ ಮೆಲ್ಲಗೆ.

ಆಕೆ ಸುಳ್ಳು ಹೇಳಲು ಬಾಯಿ ತೆರೆದರು, ಸುಳ್ಳು ಹೊರಡಲಿಲ್ಲ. “ಹೊಲಿಗೆ ಡಬ್ಬದಲ್ಲಿಟ್ಟಿದೀನಿ” ಎಂದು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. “ಹೋದ ತಿಂಗಳು ಗುಡ್ಡದ ಮೇಲೆ ತಲೆಸುತ್ತಿ ಬಿದ್ದಿದ್ರು. ಕತ್ತಲಾಗ್ತಾ ಬಂದ್ರೂ ಇಳಿದು ಬರ್ಲಿಲ್ಲ ಅಂತ ಹುಡುಕ್ಕೊಂಡು ಹೋದೆ. ಗಾಡಿ ಬಂಡೆಗೆ ಒರಗ್ಕೊಂಡು ಹಾಗೇ ಗುರುಗುಟ್ತಿತ್ತು, ಇವರು ಪಕ್ಕದಲ್ಲಿ ಮೈಯೆಲ್ಲ ಮಣ್ಣು ಮಾಡ್ಕೊಂಡು ಕೂತಿದ್ರು. ಹೇಗೆ ಬಿದ್ದೆ ಅಂತ ಅವರಿಗೇ ಗೊತ್ತಿಲ್ಲ.”

“ಡಾಕ್ಟರಿಗೆ ತೋರಿಸ್ಲಿಲ್ವಾ?”

“ತೋರಿಸ್ದೆ. ಗಾಡಿ ಮುಟ್ಟಲೇಬೇಡಿ ಅಂದ್ರು ಡಾಕ್ಟ್ರು. ಆ ಮಾತನ್ನ ಇವರು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದ್ರು. ಗುಡ್ಡದ ಮೇಲಿನ ಜೇನು ಪೆಟ್ಟಿಗೆಗಳನ್ನ ನಾನು ನೋಡ್ಕೋತೀನಿ ಭಾವ ಅಂತ ನನ್ನ ತಮ್ಮ ಬಂದ. ಅವನ ಮೇಲೂ ಹಾರಾಡಿದ್ರು.” ಆಕೆ ಮಣಿಕಟ್ಟಿನ ಹಿಟ್ಟು ಉಜ್ಜಿಕೊಂಡರು. “ನಾನು ಹೇಳಿದ್ರೆ ಕೇಳಲ್ಲಪ್ಪ. ಗಾಡಿ ಬರಲ್ಲ ಅಂದ್ರೆ ಮಾತ್ರ ಕೇಳ್ತಾರೆ.”

ಮೆಕ್ಯಾನಿಕ್‌ನ ಚಹಾ ಕೈಯಲ್ಲೇ ಆರುತ್ತಿತ್ತು. ಆ ಇಂಜಿನ್ನಿನಲ್ಲಿ ಹುಡುಕಿದರೂ ಒಂದು ದೋಷವಿಲ್ಲ. ಅದನ್ನು ಕೆಟ್ಟದ್ದೆನ್ನುವುದು ಒಳ್ಳೆಯವರ ಮೇಲೆ ಚಾಡಿ ಹೇಳಿದ ಹಾಗೆ. ಸಾಲದ್ದಕ್ಕೆ ಮಾಲೀಕನ ಮಾತು ಬೇರೆ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಚೀಲದಲ್ಲಿ ಹೊಸ ಫ್ಯೂಸ್ ಇತ್ತು. ಹಾಕಲು ಒಂದು ಗಳಿಗೆ ಸಾಕು. ಹಾಕಿದರೆ ತಾನು ಬಚಾವ್, ಯಜಮಾನರು ಗುಡ್ಡದ ಮೇಲೆ.

ಯಜಮಾನರು ಹಿತ್ತಲಿನಿಂದ ಬಂದಾಗ ಅವನು ಚೀಲದ ಬಾಯಿ ಕಟ್ಟುತ್ತಿದ್ದ. ಅವರ ಮುಖ ನೋಡದೆ ಹೇಳಿದ: “ಯಜಮಾನ್ರೇ, ಇದು ದೊಡ್ಡ ರಿಪೇರಿ. ಒಳಗಿನ ಭಾಗ ಕಂಪನಿಯಿಂದಲೇ ಬರ್ಬೇಕು. ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ಬಂದ್ರೂ ಅಷ್ಟೆ, ಈ ಗಾಡೀನ ನಂಬ್ಕೊಂಡು ನೀವು ಗುಡ್ಡ ಹತ್ತೋದು ಬೇಡ.”

“ನಂಗೊತ್ತಿತ್ತು!” ಯಜಮಾನರು ಅಡುಗೆಮನೆಗೆ ಕೇಳಿಸುವಂತೆ ಗುಡುಗಿದರು. “ಕೇಳಿಸ್ತೇನೇ? ಗಾಡಿ ಪೂರ್ತಿ ದಂಡವಂತೆ! ಇನ್ನೇನು ಮಾಡೋದು, ನಿನ್ನ ತಮ್ಮನಿಗೆ ಬರ್ಹೇಳು. ಪೆಟ್ಟಿಗೆಗಳನ್ನ ಅವನೇ ನೋಡ್ಕೊಳ್ಲಿ!”

ಒಳಗಿನಿಂದ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು.

ಗೇಟಿನವರೆಗೆ ಯಜಮಾನರು ಜೊತೆಗೇ ಬಂದರು. ಅಲ್ಲಿ ಅವರ ದನಿ ಇಳಿಯಿತು. “ಈ ಸಲ ಫ್ಯೂಸ್ ತಾನೇ?”

ಮೆಕ್ಯಾನಿಕ್ ತಬ್ಬಿಬ್ಬಾದ. “ನಿಮಗೆ ಗೊತ್ತಿತ್ತಾ?”

“ಮೀಸೆ ಬರೋ ಮುಂಚಿನಿಂದ ಇಂಜಿನ್ ಜೊತೆ ಏಗಿದೋನಪ್ಪ ನಾನು. ದೂರು ಕೊಡದೆ ಸುಮ್ನಿದ್ರೆ ನಂಗೆ ಗೊತ್ತಾಗಿದೆ ಅಂತ ಅವಳಿಗೆ ಅನುಮಾನ ಬರ್ತಿತ್ತು, ಅದಕ್ಕೆ ನಿನ್ನನ್ನ ಕರೆಸ್ತಿದ್ದೆ.” ಅವರು ಗೇಟಿನ ಚಿಲಕ ಹಿಡಿದು ನಿಂತರು. “ಗುಡ್ಡ ಅಂದ್ರೆ ಈಗ ನಂಗೇ ಕೈಕಾಲು ನಡುಗುತ್ತೆ. ಆದ್ರೆ ನನ್ನ ಕೈಲಿ ಆಗಲ್ಲ ಅನ್ನೋ ಮಾತು ಬಾಯಿಗೆ ಬರ್ತಾ ಇಲ್ಲ. ಗಾಡಿ ಕೈಲಿ ಆಗಲ್ಲ ಅಂದ್ಬಿಡೋದು ಸುಲಭ. ನಿನ್ನ ಮಾಲೀಕನಿಗೆ ಸಂಜೆ ನಾನೇ ಫೋನ್ ಮಾಡ್ತೀನಿ, ಗಾಡಿ ಅಪ್ಪಟ ಬಂಗಾರ ಅಂತ. ಇವಳ ಮುಂದೆ ಮಾತ್ರ ಬಾಯಿ ಬಿಡ್ಬೇಡ.”

ಮೆಕ್ಯಾನಿಕ್ ತಲೆಯಾಡಿಸಿದ. ಯಜಮಾನರು ಅಡುಗೆಮನೆಯ ಕಿಟಕಿಯ ಕಡೆ ನೋಡಿ, ದನಿ ಇನ್ನಷ್ಟು ತಗ್ಗಿಸಿದರು.

“ಮೊದಲ ಸಲ ಬ್ಯಾಟರಿ ಮುಚ್ಚಳ ತೆಗೆಯೋಕೆ ಹೋಗಿ ಪಾಪ, ಉಗುರು ಕಿತ್ಕೊಂಡಿದ್ಲು. ಆವತ್ತಿಂದ ಸ್ಕ್ರೂಗಳನ್ನ ನಾನೇ ಸಡಿಲ ಮಾಡಿಡ್ತೀನಿ.”