ಇಂಜಿನ್ ತಿರುಗಿದಷ್ಟು ಹೊತ್ತು

“ನಿಮಗೆ ಗಂಟೆಗೆ ಎಷ್ಟು ಸಿಗ್ತದೆ, ಸರ್?”

ಗುಣವತಿ ಕೇಳಿಯೇ ಬಿಟ್ಟಳು. ತನ್ನೂರು ಎರ್ಮಾಳಿನಲ್ಲಿ ಬಸ್ಸು ಹತ್ತಿದಾಗಿನಿಂದ ಬಾಯಲ್ಲಿಟ್ಟುಕೊಂಡು ಬಂದ ಪ್ರಶ್ನೆ ಅದು. ಕಾರ್ಕಳದಾಚೆಯ ವಿಮಾನ ತರಬೇತಿ ಶಾಲೆಯ ಕ್ಯಾಂಟೀನು. ಮಗಳು ಯಶ್ಮಿತಾಳಿಗೆ ಹಾರಲು ಕಲಿಸುವ ಪ್ಯಾಟ್ರಿಕ್ ಎದುರಿಗೆ ತಲೆ ತಗ್ಗಿಸಿ ಕೂತಿದ್ದ. ಗಂಡ ಶೇಖರ ಪಕ್ಕದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದ.

“ಸಾವಿರ ರೂಪಾಯಿ, ಅಮ್ಮ. ಅದೂ ಇಂಜಿನ್ ತಿರುಗಿದಷ್ಟು ಹೊತ್ತಿಗೆ ಮಾತ್ರ. ಮಳೆಗಾಲದಲ್ಲಿ ಏನೂ ಇಲ್ಲ.”

“ನಮಗೂ ಅಷ್ಟೇ. ಬೋಟು ಕಡಲಿಗೆ ಇಳಿಯದಿದ್ದರೆ ಪಾಲಿಲ್ಲ. ಹಾಗಂತ ನಾವು ಯಾರ ಮಕ್ಕಳನ್ನೂ ಕಟ್ಟಿಹಾಕಲಿಲ್ಲ.”

ವಿಷಯ ಇಷ್ಟೇ. ಕಲಿಸುವವನನ್ನು ಕೆಳಗೆ ಬಿಟ್ಟು ಒಂಟಿಯಾಗಿ ಹಾರಿ ಇಳಿಯದೆ ಯಾರೂ ಪೈಲಟ್ ಆಗುವಂತಿಲ್ಲ. ಜೊತೆಗೆ ಸೇರಿದವರೆಲ್ಲ ದೀಪಾವಳಿಗೆ ಮುಂಚೆಯೇ ಆ ಗಡಿ ದಾಟಿದರು. ಯಶ್ಮಿತಾ ಮಾತ್ರ ಅಲ್ಲೇ ಉಳಿದಳು. ಯಾವಾಗ ಕೇಳಿದರೂ ಪ್ಯಾಟ್ರಿಕ್‌ನದು ಒಂದೇ ಮಾತು, ಇನ್ನು ಸ್ವಲ್ಪ ದಿನ. ಆ ಸ್ವಲ್ಪ ದಿನಗಳಿಗೆ ಕರಿಮಣಿಯೊಂದು ಬಿಟ್ಟು ಗುಣವತಿಯ ಚಿನ್ನವೆಲ್ಲ ಕರಗಿತ್ತು. ಬೋಟು ಮಾರಿದ ದುಡ್ಡೂ ಅದು ಹೇಗೋ ಸೋರಿಹೋಗಿತ್ತು. ಇನ್ನೊಂದು ತಿಂಗಳು ಹೀಗೇ ಆದರೆ ಫೀಸಿಗೆ ದಾರಿಯಿಲ್ಲ, ಮಗಳು ಮನೆಗೆ ವಾಪಸ್.

ಅವಳಿಗೆ ಪ್ಯಾಟ್ರಿಕ್‌ಗಿಂತ ಗಂಡನ ಮೇಲೆಯೇ ಹೆಚ್ಚು ಸಿಟ್ಟು. ಮಲ್ಪೆಯ ಹರಾಜಿನಲ್ಲಿ ಒಂದು ಬುಟ್ಟಿ ಬೂತಾಯಿ ಮೀನಿಗೂ ಗಂಟಲು ಹರಿಯುವಂತೆ ಚೌಕಾಸಿ ಮಾಡುತ್ತಿದ್ದ ಮನುಷ್ಯ, ಇಲ್ಲಿ ಕೇಳಿದಷ್ಟು ಕಟ್ಟಿ ಬರುತ್ತಾನೆ! ಮಗ ಯೋಗೀಶ ಒಬ್ಬನೇ ಬಲೆ ಎತ್ತಲು ಹೋಗಿ, ದೋಣಿ ಮಾತ್ರ ದಡಕ್ಕೆ ಬಂದಂದಿನಿಂದ ಇವನು ಹೀಗೆಯೇ. ಭಾನುವಾರ ಬಂತೆಂದರೆ ಮಲ್ಪೆಗೆಂದು ಹೊರಡುತ್ತಾನೆ. ಒಂದು ಮೀನೂ ಇಲ್ಲದೆ ಬರಿಗೈಯಲ್ಲಿ ಬರುತ್ತಾನೆ. ಉಳಿದ ಒಬ್ಬಳೇ ಮಗಳ ಪರವಾಗಿಯಾದರೂ ಬಾಯಿ ಬಿಡಬಾರದೇ?

ಕ್ಯಾಂಟೀನಿನ ರೋಸಲಿನ್ ಚಹಾ ತಂದಳು. “ಶೇಖರಣ್ಣನ ಗ್ಲಾಸಿಗೆ ಸಕ್ಕರೆ ಬೇಡ,” ಎಂದ ಪ್ಯಾಟ್ರಿಕ್. ಬೆಣ್ಣೆ ಹಚ್ಚುವುದಕ್ಕೇನೂ ಕಡಿಮೆಯಿಲ್ಲ ಎಂದುಕೊಂಡಳು ಗುಣವತಿ.

“ನನ್ನ ಮಗಳಿಗೆ ಬರುವುದಿಲ್ವಾ ಹಾಗಾದರೆ? ನೇರ ಹೇಳಿ.”

“ಬರ್ತದೆ, ಅಮ್ಮ. ಚೆನ್ನಾಗಿಯೇ ಬರ್ತದೆ.”

“ಮತ್ತೆ ಎಂತ ತೊಂದರೆ?”

ಪ್ಯಾಟ್ರಿಕ್ ಶೇಖರನ ಮುಖ ನೋಡಿದ. ಶೇಖರ ಚಹಾದ ಗ್ಲಾಸು ನೋಡುತ್ತಿದ್ದ.

“ನನ್ನ ಕೈಯಲ್ಲಿ ಇಲ್ಲ, ಅಮ್ಮ.”

“ಕೈಯಲ್ಲಿ ಇಲ್ಲವಂತೆ! ಅವಳು ಕಲಿತರೆ ನಿಮ್ಮ ಗಂಟೆ ನಿಲ್ತದೆ, ಅಷ್ಟೇ ಅಲ್ವಾ? ಇವತ್ತು ಅವಳನ್ನು ಒಬ್ಬಳೇ ಬಿಡಿ. ಇಲ್ಲದಿದ್ದರೆ ಈಗಲೇ ಆಫೀಸಿಗೆ ಹೋಗಿ ನಿಮ್ಮ ಬಂಡವಾಳ ಬಯಲು ಮಾಡ್ತೇನೆ.”

“ಬಿಡು ಮಾರಾಯ್ತಿ...” ಶೇಖರ ಅವಳ ತೋಳು ಹಿಡಿದ.

“ನೀವು ಸುಮ್ಮನಿರಿ. ಮಾತಾಡಬೇಕಾದಾಗ ಮಾತಾಡಲಿಲ್ಲ.”

ಪ್ಯಾಟ್ರಿಕ್ ಎದ್ದು ನಿಂತ. “ಶೇಖರಣ್ಣ, ನನಗೂ ಮನೆ ಉಂಟು. ಕೆಲಸ ಹೋದರೆ ನಾನು ಎಂತ ಮಾಡಲಿ?” ಎಂದ. ಆಮೇಲೆ ಯಶ್ಮಿತಾಳನ್ನು ಕರೆದುಕೊಂಡು ವಿಮಾನದತ್ತ ನಡೆದ; ಗಂಡ ಹೆಂಡತಿ ಮೈದಾನದ ಬೇಲಿಯ ಬಳಿ ಬಂದು ನಿಂತರು.

ಪುಟ್ಟ ವಿಮಾನ ಎರಡು ಸುತ್ತು ಹಾಕಿ ಇಳಿಯಿತು. ಬಾಗಿಲು ತೆರೆದು ಪ್ಯಾಟ್ರಿಕ್ ಕೆಳಗಿಳಿದ. ಗಾಜಿನೊಳಗಿಂದ ಯಶ್ಮಿತಾ ಬೇಲಿಯತ್ತ ಕೈ ಬೀಸಿದಳು. ಎಷ್ಟು ತಿಂಗಳಾಗಿತ್ತು ಆ ಮುಖದಲ್ಲಿ ನಗು ಕಂಡು! ವಿಮಾನ ಓಡಿತು, ನೆಲ ಬಿಟ್ಟಿತು. ಗುಣವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆ ಅನ್ನಿಸಿತು ಅವಳಿಗೆ.

“ನೋಡಿ, ನಿಮ್ಮ ಮಗಳು! ಒಬ್ಬಳೇ!”

ಅವಳು ತಿರುಗಿದಳು. ಶೇಖರ ನೆಲದ ಮೇಲೆ ಕುಸಿದು ಕೂತಿದ್ದ. ಎರಡೂ ಕೈಯಲ್ಲಿ ಬೇಲಿಯ ತಂತಿ ಹಿಡಿದಿದ್ದ. ಕಣ್ಣು ಮುಚ್ಚಿತ್ತು.

“ಆ ಪ್ಯಾಟ್ರಿಕ್‌ನದು ತಪ್ಪಿಲ್ಲ, ಗುಣಾ,” ಎಂದ. “ಯೋಗೀಶನ ದೋಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಇವಳ ಪಕ್ಕದಿಂದ ಏಳಬೇಡ ಎಂದು ಭಾನುವಾರ ಭಾನುವಾರ ಇಲ್ಲಿಗೆ ಬಂದು ಅವನಿಗೆ ದುಡ್ಡು ಕೊಟ್ಟವ ನಾನು.”